ಎರಕದ ತಿಮಿಂಗಿಲದ ಮೂಗು

ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ತಿಮಿಂಗಿಲದ ಪಾಠ ಹೇಳಿದ ನಾನು ಒಂದೇ ಒಂದು ಜೀವಂತ ತಿಮಿಂಗಿಲವನ್ನು ಕಂಡವನಲ್ಲ. ಸಮುದ್ರವನ್ನೇ ಕಂಡದ್ದು ನಿವೃತ್ತನಾದ ಮೇಲೆ. ಮಲವಗೊಪ್ಪದ ಬೇಸಾಯದ ಮನೆಯಲ್ಲಿ ಹುಟ್ಟಿ, ಶಿವಮೊಗ್ಗದಲ್ಲಿ ಓದಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಾರ್ಮಿಕರ ಕಾಲೊನಿಯ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾದವನಿಗೆ ಗೊತ್ತಿದ್ದ ಅತಿ ದೊಡ್ಡ ನೀರೆಂದರೆ ಮಳೆಗಾಲದ ಭದ್ರಾ ಹೊಳೆ. ಆದರೂ ಪಾಠ ಹೇಳಿದೆ. ನೋಡದೇ ಇದ್ದದ್ದನ್ನು ನೋಡಿದವರ ಹಾಗೆ ಹೇಳುವುದೇ ನಮ್ಮ ವೃತ್ತಿಯ ಮುಕ್ಕಾಲು ಪಾಲು. ಅದರಲ್ಲಿರುವ ಅಪಾಯವನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈಗ ನಾನಿರುವ ಶಿವಮೊಗ್ಗದ ಗೋಪಾಳ ಬಡಾವಣೆಯ ಮನೆಯ ಪಕ್ಕದಲ್ಲಿ ಒಬ್ಬ ಹುಡುಗಿ ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಬಂದು, "ಮಕ್ಕಳು ನಂಗೆ ಗೊತ್ತಿಲ್ಲದ್ದು ಕೇಳಿದ್ರೆ ಏನ್ ಮಾಡ್ಲಿ ಸಾರ್?" ಎಂದಳು. ಗೊತ್ತಿಲ್ಲ ಅನ್ನು ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆ ಒಂದು ಶಬ್ದ ಕಲಿಯುವುದಕ್ಕೆ ನನಗೆ ಎಷ್ಟು ವರ್ಷ ಹಿಡಿಯಿತು ಎಂಬುದನ್ನು ಅವಳಿಗೆ ನಿಂತ ನಿಲುವಿನಲ್ಲಿ ಹೇಳುವುದಾದರೂ ಹೇಗೆ?

ನಾನು ಕೆಲಸಕ್ಕೆ ಸೇರಿದ್ದು ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚೆ. ಆಗ ವಿಜ್ಞಾನ ಕಲಿಸುವುದೆಂದರೆ ನೋಟ್ಸ್ ಬರೆಸುವುದು. ಮೇಷ್ಟ್ರು ಓದಬೇಕು, ಮಕ್ಕಳು ಬರೆದುಕೊಳ್ಳಬೇಕು, ಪರೀಕ್ಷೆಯಲ್ಲಿ ಅದನ್ನೇ ಒಪ್ಪಿಸಬೇಕು. ನಮ್ಮ ಹೆಡ್‌ಮಾಸ್ಟರಿಗೆ ಅದೇ ಸರಿ. ಕಚ್ಚೆಪಂಚೆ, ಮುಚ್ಚುಕೋಟು, ಜರಿಪೇಟದ ಆ ಮನುಷ್ಯ ತರಗತಿಯಿಂದ ಸದ್ದು ಬಂದರೆ ಸಾಕು, ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಕೆಟ್ಟವರಲ್ಲ. ಪಾಠಕ್ಕಿಂತ ಸಮಾರಂಭದ ಮೇಲೆ ಅವರಿಗೆ ಪ್ರೀತಿ ಹೆಚ್ಚು, ಅಷ್ಟೆ.

ನನಗೆ ನೋಟ್ಸ್ ಬರೆಸುವುದು ಎರಡು ವರ್ಷಕ್ಕೇ ಸಾಕಾಯಿತು. ಉಸಿರಾಟದ ಪಾಠ ಬಂದಾಗ ಮಾಂಸದಂಗಡಿಗೆ ಹೋಗಿ ಕುರಿಯ ಶ್ವಾಸಕೋಶ ತಂದೆ. ಶ್ವಾಸನಾಳಕ್ಕೆ ಬಿದಿರಿನ ಕೊಳವೆ ಸಿಕ್ಕಿಸಿ ಊದಿದೆ. ಮುದುರಿಕೊಂಡು ಬಿದ್ದಿದ್ದ ಕೆಂಪು ಮುದ್ದೆ ಮೇಜಿನ ಮೇಲೆ ಉಬ್ಬಿ ಎದ್ದು ಕೂತಿತು. ಮಕ್ಕಳು ಹೋ ಎಂದರು. ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು.

"ಏನ್ರೀ ಇದು? ಸ್ಕೂಲೋ, ಕಟುಕರ ಅಂಗಡಿಯೋ?"

ಬೈಸಿಕೊಂಡೆ. ಮೂರು ಮನೆಯವರು ಬಂದು ಮಡಿ ಮೈಲಿಗೆಯ ಮಾತೆತ್ತಿ ಜಗಳವಾಡಿದರು. ಆದರೆ ಆ ವರ್ಷ ಉಸಿರಾಟದ ಪ್ರಶ್ನೆಗೆ ಇಡೀ ತರಗತಿ ಸರಿಯಾದ ಉತ್ತರ ಬರೆಯಿತು. ಅಂದಿನಿಂದ ನನಗೆ ಸ್ವಲ್ಪ ತಲೆ ತಿರುಗಿತು ಎನ್ನಬೇಕು.

ಮುಂದಿನ ಸಲ ತಿಮಿಂಗಿಲದ ಪಾಠ. ನೂರಡಿಯ ಹತ್ತಿರ ಬೆಳೆಯುವ ಪ್ರಾಣಿಯನ್ನು ಕಪ್ಪುಹಲಗೆಯಲ್ಲಿ ಗೇಣುದ್ದ ಬರೆದು ಏನು ಪ್ರಯೋಜನ? ಬಾವಿಯ ಹಗ್ಗಗಳನ್ನು ಗಂಟು ಹಾಕಿ, ನಮ್ಮ ಕೋಣೆಯ ಬಾಗಿಲಿನಿಂದ ಅಂಗಳದಾಚೆಯ ಹುಣಸೇಮರದವರೆಗೆ ಎಳೆದೆ. ಹಗ್ಗದ ಉದ್ದಕ್ಕೂ ಮಕ್ಕಳನ್ನು ತಲೆಗೆ ಕಾಲು ತಾಗಿಸಿ ಮಲಗಿಸಿದೆ. ಇಪ್ಪತ್ತೆರಡು ಮಕ್ಕಳು ಹಿಡಿಸಿದರು. "ಇದು ಮೀನಲ್ಲ," ಎಂದೆ. "ಇದರ ರಕ್ತ ಬಿಸಿ. ಇದು ಮರಿ ಹಾಕುತ್ತೆ, ಮರಿಗೆ ಹಾಲು ಕೊಡುತ್ತೆ. ನೀರಲ್ಲೇ ಹುಟ್ಟಿ ನೀರಲ್ಲೇ ಸಾಯೋದಾದ್ರೂ ನಮ್ಮ ಹಾಗೆ ಗಾಳೀನೇ ಉಸಿರಾಡಬೇಕು. ಹುಟ್ಟಿದ ಕೂಡಲೇ ಮರಿ ಮೇಲಕ್ಕೆ ಬರಬೇಕು, ಮೊದಲ ಉಸಿರು ಎಳ್ಕೋಬೇಕು." ಧೂಳಿನಲ್ಲಿ ಮಲಗಿದ್ದ ಮಕ್ಕಳು ಆಕಾಶ ನೋಡುತ್ತಾ ಕೇಳಿಸಿಕೊಂಡರು. ಇದಿಷ್ಟೂ ಸರಿಯಾದದ್ದೇ. ಕೊನೆಗೆ ಒಂದು ಮಾತು ಸೇರಿಸಿದೆ: "ಬಾಯಿಂದ ನೀರು ಕುಡಿದು ತಲೆ ಮೇಲಿನ ತೂತಿನಿಂದ ಕಾರಂಜಿ ಥರ ಚಿಮ್ಮಿಸುತ್ತೆ." ನನ್ನ ನೋಟ್ಸಿನಲ್ಲಿ ಹಾಗೇ ಇತ್ತು. ನನ್ನ ಮೇಷ್ಟ್ರು ನನಗೆ ಬರೆಸಿದ್ದೂ ಹಾಗೇ.

ಈ ಹಗ್ಗದ ತಿಮಿಂಗಿಲದ ಸುದ್ದಿ ಮಕ್ಕಳ ಬಾಯಲ್ಲಿ ಕಾಲೊನಿಯೆಲ್ಲ ಸುತ್ತಿ ಕಾರ್ಖಾನೆಯ ಎರಕದ ಮನೆಯನ್ನು ಮುಟ್ಟಿತು. ಅಲ್ಲಿ ಆರ್ಮುಗಂ ಮೇಸ್ತ್ರಿ ಎಂಬವರಿದ್ದರು. ಸೇಲಂ ಕಡೆಯವರು. ಮರಳಿನಲ್ಲಿ ಅಚ್ಚು ಮಾಡಿ ಅದಕ್ಕೆ ಕಾದ ಕಬ್ಬಿಣ ಹೊಯ್ಯುವ ಕೆಲಸ. ಮೊಮ್ಮಗಳು ವಳ್ಳಿ ನನ್ನ ತರಗತಿಯಲ್ಲಿದ್ದಳು, ಹಗ್ಗದ ಪಕ್ಕ ಏಳನೆಯವಳಾಗಿ ಮಲಗಿದ್ದಳು. ಒಂದು ಭಾನುವಾರ ಮೇಸ್ತ್ರಿ ಮನೆಗೇ ಬಂದರು.

"ಸಾರ್, ಹಗ್ಗ ಸುತ್ತಿಟ್ರೆ ಮೀನು ಹೋಯ್ತು. ನಾನು ಕಬ್ಬಿಣದಲ್ಲಿ ಮಾಡಿಕೊಡ್ತೀನಿ. ಒಂದಾಳುದ್ದ. ಸ್ಕೂಲು ಇರೋವರೆಗೂ ಇರುತ್ತೆ."

"ಮೀನಲ್ಲ ಮೇಸ್ತ್ರಿ."

"ಆಯ್ತು ಸಾರ್, ಮೀನಲ್ಲ. ನೀವು ಹೇಳಿದಂಗೆ ಮಾಡ್ತೀನಿ. ಬೇಗ ಮಾಡಬೇಕು." ತಮ್ಮ ಕಣ್ಣು ತೋರಿಸಿದರು. ಕರಿಗುಡ್ಡೆಯ ಮೇಲೆ ಹಾಲು ತುಳುಕಿದ ಹಾಗಿತ್ತು. ಮೂವತ್ತು ವರ್ಷ ಕಾದ ಕಬ್ಬಿಣವನ್ನೇ ನೋಡಿದ ಕಣ್ಣು. ಒಂದಕ್ಕೆ ಆಪರೇಷನ್ ಮಾಡಿಸಿ ಅದು ಪೂರ್ತಿ ಹೋಗಿತ್ತು. ಹೆದರಿ, ಇನ್ನೊಂದನ್ನು ಮುಟ್ಟುವುದಕ್ಕೆ ಬಿಟ್ಟಿರಲಿಲ್ಲ. "ಮುಂದಿನ ವರ್ಷ ನನಗೆ ಏನೂ ಕಾಣಲ್ಲ. ಚಕ್ರ, ಪೈಪು, ಮೋರಿ ಮುಚ್ಚಳ, ಇವೇ ಮಾಡ್ಕೊಂಡು ಬಂದೆ ಸಾರ್. ಜೀವ ಇರೋದು ಒಂದೂ ಮಾಡ್ಲಿಲ್ಲ."

ಹೆಡ್‌ಮಾಸ್ಟರು ಹಿಗ್ಗಿಹೋದರು. ಅಂಗಳದಲ್ಲಿ ತೊಟ್ಟಿ ಕಟ್ಟಿಸುವುದು, ಅದರ ನಡುವೆ ತಿಮಿಂಗಿಲ, ಕೈಪಂಪಿನಿಂದ ನೀರು ಹಾಯಿಸಿ ತಲೆಯಿಂದ ಚಿಮ್ಮಿಸುವುದು, ಕಾರ್ಖಾನೆಯ ದೊಡ್ಡ ಸಾಹೇಬರಿಂದ ಉದ್ಘಾಟನೆ, ಎಲ್ಲ ಅರ್ಧ ಗಂಟೆಯಲ್ಲಿ ಗೊತ್ತುಮಾಡಿಬಿಟ್ಟರು. ಕಾರ್ಖಾನೆಯವರು ಒಡೆದ ಹಳೇ ಕಬ್ಬಿಣ ಕೊಡಲು ಒಪ್ಪಿದರು. ಭಾನುವಾರಗಳಂದು ಮೇಸ್ತ್ರಿ ಅಚ್ಚಿನ ಕೆಲಸ ಹಿಡಿದರು. ಮರಳಿಗೆ ಜೇಡಿಮಣ್ಣು, ಬೆಲ್ಲದ ಪಾಕದಂಥ ಕಾಕಂಬಿ ಬೆರೆಸಿ ಹದ ಮಾಡುವುದು, ಬೆರಳಿನಿಂದ ಒತ್ತಿ ನೋಡುವುದು, ಮತ್ತೆ ಕಲಸುವುದು. ಹದ ನೋಡಲು ಅವರಿಗೆ ಆಗಲೇ ಕಣ್ಣು ಬೇಕಿರಲಿಲ್ಲ.

ಅಚ್ಚು ಮುಗಿಯಿತೆಂದು ಹೇಳಿಕಳಿಸಿದಾಗ ಹೆಡ್‌ಮಾಸ್ಟರ ಜೊತೆ ಹೋಗಿ ನೋಡಿದೆ. ಬಾಲ ಮೀನಿನ ಬಾಲದಂತೆ ನೆಟ್ಟಗೆ ನಿಂತಿತ್ತು.

"ಬಾಲ ಮಲಗಿರಬೇಕು ಮೇಸ್ತ್ರಿ, ಅಡ್ಡಡ್ಡಕ್ಕೆ."

"ಭದ್ರೆ ಮೀನು ದಿನಾ ತಿನ್ನೋನು ನಾನು. ಬಾಲ ನಿಂತೇ ಇರುತ್ತೆ ಸಾರ್."

"ಅದು ಮೀನಿಗೆ. ಮೀನು ಮೈಯನ್ನ ಎಡಕ್ಕೆ ಬಲಕ್ಕೆ ಬಳುಕಿಸುತ್ತೆ. ನಾಯಿ ಓಡೋದು ನೋಡಿದೀರಲ್ಲ, ಬೆನ್ನು ಮೇಲೆ ಕೆಳಗೆ ಬಗ್ಗುತ್ತೆ. ಇದರ ಬೆನ್ನೂ ಹಾಗೇ. ಬಾಲವನ್ನ ಮೇಲೆ ಕೆಳಗೆ ಬಡೀತಾ ಈಜುತ್ತೆ. ಗಾಳಿಗೆ ಮೇಲಕ್ಕೆ ಬರಬೇಕಲ್ಲ."

ಮೇಸ್ತ್ರಿ ಅಚ್ಚಿನ ಬಾಲವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಐದು ಭಾನುವಾರದ ಕೆಲಸ. "ಇರಲಿ ಬಿಡಿ, ಮಕ್ಕಳಿಗೆ ಬಾಯಲ್ಲಿ ಹೇಳ್ಕೊಳ್ಳಿ" ಎಂದು ಹೆಡ್‌ಮಾಸ್ಟರು ಹೇಳಿನೋಡಿದರು. ನಾನು ಬಗ್ಗಲಿಲ್ಲ. ನೋಟ್ಸಿನ ತಪ್ಪನ್ನು ಉಜ್ಜಿ ಅಳಿಸಬಹುದು, ಎರಕದ ತಪ್ಪು ನೂರು ವರ್ಷ ನಿಲ್ಲುತ್ತದೆ ಎಂದು ಭಾಷಣವನ್ನೇ ಮಾಡಿದೆ. ಮೇಸ್ತ್ರಿ ಸಲಿಕೆ ತೆಗೆದುಕೊಂಡು ತಾವೇ ಅಚ್ಚನ್ನು ಒಡೆದು ಹಾಕಿದರು. ಮತ್ತೆ ಎಂಟು ಭಾನುವಾರ ಕೂತು ಹೊಸದು ಮಾಡಿದರು. ಆ ಹೊತ್ತಿಗೆ ಅವರು ಮರಳಿಗೆ ಮೂಗು ತಾಗುವಷ್ಟು ಬಗ್ಗಿ ನೋಡಬೇಕಾಗುತ್ತಿತ್ತು.

ಎರಕ ಚೆನ್ನಾಗಿ ಬಂತು. ಮರಳು ಕೊಡವಿ ನಿಲ್ಲಿಸಿದಾಗ ಇಡೀ ಎರಕದ ಮನೆಯವರು ಬಂದು ನೋಡಿದರು. ಅಗಲವಾದ ಬಾಯಿ, ಗಂಟಲ ಕೆಳಗೆ ಉದ್ದುದ್ದ ಗೀರುಗಳು, ಮಲಗಿದ ಬಾಲ, ಹಣೆಯ ಮೇಲೆ ಒಂದು ತೂತು. ಒಳಗೆ ಹೊಟ್ಟೆಯಿಂದ ತೂತಿನವರೆಗೆ ಪೈಪು. ಜೀವ ಇತ್ತು ಅದರಲ್ಲಿ.

ಕಾರ್ಮಿಕರಿಗೆ ನಾನು ಸಂಜೆ ತರಗತಿಯನ್ನೂ ನಡೆಸುತ್ತಿದ್ದೆ. ಅಲ್ಲಿಗೆ ಬಾಯ್ಲರ್ ಮನೆಯ ರುದ್ರಪ್ಪ ಬರುತ್ತಿದ್ದ. ಓದು ಕಡಿಮೆ, ಪ್ರಶ್ನೆ ಜಾಸ್ತಿ. ಉದ್ಘಾಟನೆಗೆ ನಾಲ್ಕು ದಿನ ಇದ್ದಾಗ ತರಗತಿ ಮುಗಿದ ಮೇಲೂ ಕೂತೇ ಇದ್ದ.

"ಮೇಷ್ಟ್ರೇ, ಒಂದ್ ಅನುಮಾನ. ತಿಮಿಂಗಿಲ ಗಾಳಿ ಉಸಿರಾಡುತ್ತೆ ಅಂದ್ರಿ. ತಲೆ ಮೇಲಿನ ತೂತೇ ಅದ್ರ ಮೂಗು ಅಂದ್ರಿ."

"ಹೌದು."

"ಮತ್ತೆ ಆ ಮೂಗಲ್ಲಿ ನೀರು ಹೆಂಗೆ ಬಂತು ಮಾರಾಯ್ರೇ? ನೀವು ಕುರಿ ಶ್ವಾಸಕೋಶ ಊದಿ ತೋರಿಸಿದ್ರಂತೆ, ನನ್ ಮಗ ಹೇಳ್ದ. ಅದರೊಳಗೆ ನೀರು ಹೋದ್ರೆ ಕುರಿ ಉಳಿಯುತ್ತಾ?"

ನನಗೆ ರೇಗಿತು. ಉತ್ತರ ಇಲ್ಲದಾಗ ಮೇಷ್ಟ್ರುಗಳಿಗೆ ರೇಗುತ್ತದೆ, ಇದನ್ನು ಹೊಸಬರು ಚೆನ್ನಾಗಿ ನೆನಪಿಡಬೇಕು. "ಅದು ಸಮುದ್ರದ ಪ್ರಾಣಿ, ಅದರ ಏರ್ಪಾಡೇ ಬೇರೆ" ಎಂದೆ.

ಅವನು ಬಿಡಲಿಲ್ಲ. "ಚಳಿಗಾಲದ ಬೆಳಗ್ಗೆ ನಮ್ಮ ಬಾಯ್ಲರ್ ಉಗಿ ಬಿಟ್ರೆ ದೂರದಿಂದ ಬಿಳೀ ನೀರು ಚಿಮ್ಮಿದಂಗೇ ಕಾಣ್ಸುತ್ತೆ. ಹತ್ರ ಬಂದ್ರೆ ನೀರೂ ಇಲ್ಲ, ಏನೂ ಇಲ್ಲ. ಅದೂ ಹಂಗೇ ಇರ್ಬೋದೇನೋ ಅಂತ ಕೇಳ್ದೆ. ತಪ್ಪಾಗಿದ್ರೆ ಬಿಡಿ."

ಮರುದಿನ ರಜೆ ಹಾಕಿ ಶಿವಮೊಗ್ಗದ ರೈಲು ಹತ್ತಿದೆ. ಗುರುತಿನ ವಕೀಲರೊಬ್ಬರ ಮನೆಯಲ್ಲಿ ದಪ್ಪ ದಪ್ಪ ಇಂಗ್ಲಿಷ್ ವಿಶ್ವಕೋಶದ ಸಂಪುಟಗಳಿದ್ದವು. ಮಧ್ಯಾಹ್ನದವರೆಗೆ ಕೂತು ಓದಿದೆ. ರುದ್ರಪ್ಪ ಹೇಳಿದ್ದು ಅಕ್ಷರ ಅಕ್ಷರ ನಿಜ. ತಿಮಿಂಗಿಲದ ಬಾಯಿಗೂ ಮೂಗಿಗೂ ಒಳಗೆ ದಾರಿಯೇ ಬೇರೆ. ಅದು ಚಿಮ್ಮಿಸುವುದು ನೀರಲ್ಲ, ಉಸಿರು. ಶ್ವಾಸಕೋಶದಲ್ಲಿ ಬಿಸಿಯಾದ ಗಾಳಿ ಒಮ್ಮೆಲೇ ಹೊರಬಿದ್ದು ತಂಪಿಗೆ ಮಂಜಾಗುತ್ತದೆ. ಮೂಗಿನ ಮೇಲೆ ನಿಂತ ನಾಲ್ಕು ಹನಿ ನೀರು ಜೊತೆಗೆ ಹಾರಬಹುದು, ಅಷ್ಟೆ. ಅದರ ಕೆಳಗೇ ಇನ್ನೊಂದು ಸಾಲು ಇತ್ತು: ಹಲ್ಲಿರುವ ಜಾತಿಗೆ ಒಂದು ಮೂಗಿನ ತೂತು, ಹಲ್ಲಿಲ್ಲದ ಜಾತಿಗೆ ಎರಡು. ನಮ್ಮದು ಹಲ್ಲಿಲ್ಲದ ಜಾತಿ. ತೂತು ಒಂದೇ ಇಡಿ ಎಂದು ಮೇಸ್ತ್ರಿಗೆ ಹೇಳಿದವನು ನಾನೇ.

ಹೆಡ್‌ಮಾಸ್ಟರ ಹತ್ತಿರ ಹೋಗಿ ಹೇಳಿದೆ. ಅವರು ಆಹ್ವಾನ ಪತ್ರಿಕೆಗಳ ಮೇಲೆ ವಿಳಾಸ ಬರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಮೊದ್ಲು ಸಮಾರಂಭ ಮುಗೀಲಿ ಕಣ್ರೀ. ಆಮೇಲೆ ನಿಧಾನವಾಗಿ ನಿಜ ಹೇಳೋಣ."

ಅವರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಆ ಮಾತು ಕೇಳಿ ನನಗೆ ಒಳಗೊಳಗೇ ಹಗುರವಾಯಿತು. ಬಾಲಕ್ಕಾಗಿ ಒಬ್ಬ ಮುದುಕನ ಕೈಯಲ್ಲಿ ಅಚ್ಚು ಒಡೆಸಿದವನು ನಾನು. ಈಗ ಅವನೆದುರು ಹೋಗಿ ಮೂಗು ನನ್ನಿಂದಲೇ ಕೆಟ್ಟಿತು ಎನ್ನುವ ಧೈರ್ಯ ನನಗಿರಲಿಲ್ಲ. ಇನ್ನೊಂದು ಸಲ ಎರಕ ಹೊಯ್ಯಲು ಆ ಕಣ್ಣೂ ಇರಲಿಲ್ಲ.

ಉದ್ಘಾಟನೆ ಗಡದ್ದಾಗಿ ನಡೆಯಿತು. ತಿಮಿಂಗಿಲಕ್ಕೆ ಹಾರ, ಸಾಹೇಬರಿಗೆ ಹಾರ, ಮೇಸ್ತ್ರಿಗೆ ಶಾಲು. ಇಬ್ಬರು ಕೈಪಂಪು ಒತ್ತಿದರು. ತಲೆಯಿಂದ ನೀರು ಆಳೆತ್ತರಕ್ಕೆ ಚಿಮ್ಮಿತು. ಚಪ್ಪಾಳೆಯೋ ಚಪ್ಪಾಳೆ. ಗುಂಪಿನ ಹಿಂದೆ ರುದ್ರಪ್ಪ ಕೈಕಟ್ಟಿ ನಿಂತಿದ್ದ. ನಾನು ಅವನ ಕಡೆ ಹೆಚ್ಚು ಹೊತ್ತು ನೋಡಲಿಲ್ಲ.

ಹಾಗೇ ನಾಲ್ಕು ತಿಂಗಳು ಕಳೆದೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ನಂತರ ಪರೀಕ್ಷೆ ಬಂತು. ತಿಮಿಂಗಿಲದ ಪ್ರಶ್ನೆಯನ್ನು ಹೆಡ್‌ಮಾಸ್ಟರೇ ಹಾಕಿದ್ದರು. ಒಂದೊಂದು ಉತ್ತರ ಪತ್ರಿಕೆಯಲ್ಲೂ ಅದೇ ವಾಕ್ಯ: ಬಾಯಿಂದ ನೀರು ಕುಡಿದು ತಲೆಯಿಂದ ಚಿಮ್ಮಿಸುತ್ತದೆ. ನಾನು ಹೇಳಿದ್ದು, ಅವರು ಕಣ್ಣಾರೆ ಕಂಡದ್ದು. ತಪ್ಪು ಹಾಕಿದರೆ ಮಕ್ಕಳಿಗೆ ಅನ್ಯಾಯ, ಸರಿ ಹಾಕಿದರೆ ನಾನು ಸುಳ್ಳ. ವಳ್ಳಿಯ ಪತ್ರಿಕೆ ಬಂತು. ಅವಳು ತಿಮಿಂಗಿಲದ ಚಿತ್ರ ಬರೆದು, ಬಾಲವನ್ನು ಸರಿಯಾಗಿ ಮಲಗಿಸಿ, ಕಾರಂಜಿಯ ಪಕ್ಕ 'ನಮ್ಮ ತಾತ ಮಾಡಿದ್ದು' ಎಂದು ಬರೆದಿದ್ದಳು. ಕೆಂಪು ಪೆನ್ಸಿಲ್ ಕೆಳಗಿಟ್ಟು ಎದ್ದು ಮೇಸ್ತ್ರಿಯ ಮನೆಗೆ ಹೋದೆ.

ಅವರು ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದರು. ಉಳಿದಿದ್ದ ಕಣ್ಣೂ ಹೋಗಿತ್ತು. ನಾನು ಕೂರಲಿಲ್ಲ, ನಿಂತೇ ಎಲ್ಲ ಹೇಳಿದೆ. ನೀರಲ್ಲ, ಉಸಿರು. ಒಂದಲ್ಲ, ಎರಡು ತೂತು. ನನಗೆ ಇದು ಉದ್ಘಾಟನೆಗೆ ಮೂರು ದಿನ ಮೊದಲೇ ಗೊತ್ತಿತ್ತು.

ಮೇಸ್ತ್ರಿ ಜಗಲಿಯ ಅಂಚನ್ನು ಅಂಗೈಯಿಂದ ಸವರಿದರು.

"ಬಾಲಕ್ಕೆ ನನ್ನ ಕೈಲಿ ಅಚ್ಚು ಒಡೆಸಿದ್ರಿ ಸಾರ್."

"ಹೌದು ಮೇಸ್ತ್ರಿ."

"ನನಗೆ ಕೋಪ ಬರ್ಲಿಲ್ಲ. ಯಾಕೆ ಗೊತ್ತಾ? ಇಷ್ಟು ವರ್ಷದಲ್ಲಿ ನನ್ನ ಕೆಲಸಾನ ಅಷ್ಟು ಸರಿಯಾಗಿ ನೋಡಿದೋರು ಯಾರೂ ಇರ್ಲಿಲ್ಲ. ಈ ನಾಲ್ಕು ತಿಂಗಳು ಸುಮ್ಮನಿದ್ರಲ್ಲ, ಅದಕ್ಕೆ ಬರುತ್ತೆ ಕೋಪ."

ನಾನು ತಲೆ ತಗ್ಗಿಸಿದೆ. ಅವರಿಗೆ ಅದು ಕಾಣುವಂತಿರಲಿಲ್ಲ.

"ಮೂಗು ನೀವೇ ಕೊರೀಬೇಕು," ಎಂದರು. "ನಾನು ಪಕ್ಕದಲ್ಲಿ ಕೂತಿರ್ತೀನಿ. ಮಕ್ಕಳ ಎದುರಿಗೇ."

ಹೆಡ್‌ಮಾಸ್ಟರು ಕೂಗಾಡಿದರು, ಮೇಲಿನವರಿಗೆ ಬರೆಯುತ್ತೇನೆಂದರು, ಕೊನೆಗೆ ಕೋಣೆಯ ಬಾಗಿಲು ಹಾಕಿಕೊಂಡರು. ಆ ಪ್ರಶ್ನೆಯ ಅಂಕವನ್ನು ಎಲ್ಲ ಮಕ್ಕಳಿಗೂ ಕೊಟ್ಟೆ, ತಪ್ಪು ನನ್ನದು ಎಂದು ತರಗತಿಯಲ್ಲಿ ನಿಂತು ಹೇಳಿದೆ. ತೊಟ್ಟಿಯ ನೀರು ಖಾಲಿ ಮಾಡಿಸಿದೆವು. ರುದ್ರಪ್ಪ ಕೈಯಿಂದ ತಿರುಗಿಸುವ ಬೈರಿಗೆ ತಂದುಕೊಟ್ಟ. ಎರಕದ ಕಬ್ಬಿಣ ಎಷ್ಟು ಗಟ್ಟಿ ಎಂದು ನನಗೆ ಗೊತ್ತಾದದ್ದು ಆಗ. ಸೀಮೆಸುಣ್ಣ ಹಿಡಿದ ಕೈ ಮೊದಲ ದಿನವೇ ಬೊಬ್ಬೆ ಎದ್ದಿತು. "ಓರೆ ಹೋಗ್ತಾ ಇದೀರಿ ಸಾರ್" ಎಂದು ಸದ್ದಿನ ಮೇಲೇ ಮೇಸ್ತ್ರಿ ತಿದ್ದುತ್ತಿದ್ದರು. ಮಕ್ಕಳು ಸುತ್ತ ಕೂತು ಕಣ್ಣು ಬಿಟ್ಟು ನೋಡುತ್ತಿದ್ದರು. ಹತ್ತು ದಿನ ಹಿಡಿಯಿತು. ನಾನು ಕೊರೆದ ತೂತು ಮೇಸ್ತ್ರಿಯದರಷ್ಟು ದುಂಡಗೆ ಬರಲಿಲ್ಲ. ರುದ್ರಪ್ಪ ಕೈಪಂಪನ್ನು ಬಿಚ್ಚಿ ತೆಗೆದು, ಒಳಗಿನ ಪೈಪಿಗೆ ಕವಲು ಕೂರಿಸಿ ಎರಡೂ ತೂತಿಗೆ ಸೇರಿಸಿದ.

ಅದಾದ ಮೇಲೆ ನನ್ನ ಪಾಠದ ವಿಧಾನವೇ ಬದಲಾಯಿತು. ನೋಟ್ಸಿನ ಅಂಚಿನಲ್ಲಿ 'ನಾನು ನೋಡಿದ್ದು', 'ಓದಿದ್ದು', 'ಯಾರೋ ಹೇಳಿದ್ದು' ಎಂದು ಗುರುತು ಹಾಕತೊಡಗಿದೆ. ಮೂರನೆಯ ಗುರುತೇ ಹೆಚ್ಚಿತ್ತು. ತಿಮಿಂಗಿಲ ಮೂಕಪ್ರಾಣಿ ಎಂದು ಆಮೇಲೂ ಎಷ್ಟೋ ವರ್ಷ ಹೇಳಿದೆ. ಅವು ನೀರಿನೊಳಗೆ ಹಾಡಿನಂತೆ ದನಿ ತೆಗೆಯುತ್ತವೆ ಎಂದು ಈಚೆಗೆ ಪತ್ರಿಕೆಯಲ್ಲಿ ಓದಿದೆ. ಆ ಮಕ್ಕಳಿಗೆಲ್ಲ ಈಗ ಎಲ್ಲಿಂದ ಹೇಳಿಕಳಿಸಲಿ?

ಕೊರೆಯುವ ಕೆಲಸ ಮುಗಿದ ಬೆಳಗ್ಗೆಯದನ್ನು ಹೇಳಿ ನಿಲ್ಲಿಸುತ್ತೇನೆ. ಪುಷ್ಯದ ಚಳಿ. ಮಕ್ಕಳ ಬಾಯಿಂದ ಬಿಳೀ ಹಬೆ ಬರುತ್ತಿತ್ತು. ವಳ್ಳಿ ತಾತನ ಕೈ ಹಿಡಿದು ಕರೆತಂದಿದ್ದಳು. ಮೇಸ್ತ್ರಿ ತೊಟ್ಟಿಗೆ ಇಳಿದು ತಿಮಿಂಗಿಲದ ಮೈಯನ್ನು ಬಾಲದಿಂದ ತಲೆಯವರೆಗೆ ಸವರಿದರು, ನನ್ನ ಸೊಟ್ಟ ತೂತಿನ ಹತ್ತಿರ ಬೆರಳು ನಿಲ್ಲಿಸಿ ನಕ್ಕರು.

"ಅವತ್ತು ನೀರು ಚಿಮ್ಮಿದ್ದು ನನಗೆ ಮಸುಕು ಮಸುಕಾಗಿ ಕಾಣ್ತು ಸಾರ್. ಎಲ್ಲರೂ ಚಪ್ಪಾಳೆ ಹೊಡೆದ್ರು. ಈಗ ನೀರೂ ಇಲ್ಲ. ಉಸಿರು ಅಂತೀರಿ. ಕುರುಡ, ನಾನು ಏನಂತ ನೋಡ್ಲಿ?"

ನನಗೆ ಕುರಿಯ ಶ್ವಾಸಕೋಶ ನೆನಪಾಯಿತು. ಕೋಟು ಬಿಚ್ಚಿ ವಳ್ಳಿಯ ಕೈಗೆ ಕೊಟ್ಟೆ. ಒಣಗಿದ ತೊಟ್ಟಿಯೊಳಗೆ ಇಳಿದು, ಅಂಗಾತ ಮಲಗಿ, ಗಿಡ್ಡ ಕಂಬಗಳ ಮೇಲೆ ನಿಂತಿದ್ದ ತಿಮಿಂಗಿಲದ ಹೊಟ್ಟೆಯ ಕೆಳಗೆ ನುಸುಳಿದೆ. ಮಕ್ಕಳು ಕಿಸಕ್ಕೆಂದರು. ಹೊಟ್ಟೆಯಿಂದ ಇಳಿಬಿದ್ದಿದ್ದ ಪೈಪಿನ ಬಾಯಿಗೆ ಬಾಯಿ ಇಟ್ಟೆ. ತುಕ್ಕಿನ ರುಚಿ. "ಮೇಸ್ತ್ರಿ, ಎರಡೂ ತೂತಿನ ಮೇಲೆ ಅಂಗೈ ಹಿಡೀರಿ" ಎಂದು ಕೂಗಿ, ಎದೆ ತುಂಬ ಗಾಳಿ ಎಳೆದುಕೊಂಡು ಊದಿದೆ. ಮತ್ತೆ ಎಳೆದುಕೊಂಡೆ, ಮತ್ತೆ ಊದಿದೆ.

ಮೇಲೆ ಮಕ್ಕಳ ನಗು ನಿಂತಿತು. ನಾನಿದ್ದ ಕಡೆಯಿಂದ ಮೇಸ್ತ್ರಿಯ ಮುಖ ಕಾಣುತ್ತಿರಲಿಲ್ಲ, ಅವರ ಬರಿಗಾಲು ಮಾತ್ರ ಕಾಣುತ್ತಿತ್ತು. ಆ ಕಾಲು ಅಲುಗಲಿಲ್ಲ.

"ಬಿಸಿ ಇದೆ ಸಾರ್," ಎಂದರು. ಆಮೇಲೆ ನನಗಲ್ಲ, ಮೊಮ್ಮಗಳಿಗೆ ಹೇಳಿದರು: "ವಳ್ಳಿ, ಬಾಮ್ಮ, ಕೈ ಇಟ್ಟು ನೋಡು. ಜೀವ ಬಂತು."

ನಾನು ಊದುತ್ತಲೇ ಇದ್ದೆ. ಮಕ್ಕಳು ಒಬ್ಬೊಬ್ಬರಾಗಿ ಸಾಲಿನಲ್ಲಿ ಬಂದು ಕೈ ಇಟ್ಟು ಹೋದರು. ಕೊನೆಯವನದು ಮುಗಿಯುವವರೆಗೆ ಮೇಲೆದ್ದು ಬರಲಿಲ್ಲ.